ವೈಡಲ್ ರಿಪೋರ್ಟಿನ ಮೇಲೆ ‘ಪಾಸಿಟಿವ್’ ಎಂದು ಬರೆಯುವ ಮುನ್ನ: ಆನೇಕಲ್ ತಾಲ್ಲೂಕಿನ ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ಒಂದು ಬಹಿರಂಗ ಪತ್ರ

ಚಂದಾಪುರ, ಬೊಮ್ಮಸಂದ್ರ, ಹೆಬ್ಬಗೋಡಿ, ಜಿಗಣಿ, ಅತ್ತಿಬೆಲೆ, ಸರ್ಜಾಪುರ ಮತ್ತು ಆನೇಕಲ್ ಪೇಟೆಯ ಲ್ಯಾಬುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ರಕ್ತ ತೆಗೆಯುವ, ಸ್ಲೈಡ್ ನೋಡುವ, ರಿಪೋರ್ಟ್ ಟೈಪ್ ಮಾಡುವ ಸೋದರ ಸೋದರಿಯರೇ,

ಬೆಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿದು ನಿವೃತ್ತಳಾಗಿ ಈಗ ಆನೇಕಲ್ಲಿನಲ್ಲೇ ಇರುವ ನಿಮ್ಮ ಹಿರಿಯ ಸಹೋದ್ಯೋಗಿ ನಾನು. ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ವೈಡಲ್ ಸ್ಲೈಡ್ ನೋಡಿ ರಿಪೋರ್ಟಿನ ಮೇಲೆ ‘ಟೈಫಾಯ್ಡ್ ಪಾಸಿಟಿವ್’ ಎಂದು ಬರೆದುಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಟೈಫಾಯ್ಡ್ ಇರಬಹುದೆಂದು ಡಾಕ್ಟರಿಗೆ ಅನುಮಾನವಿದ್ದರೆ, ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು ಬ್ಲಡ್ ಕಲ್ಚರಿಗೆ ರಕ್ತ ತೆಗೆಯುವ ವ್ಯವಸ್ಥೆ ಮಾಡಿ. ಈ ಪತ್ರದಲ್ಲಿ ಉಳಿದದ್ದೆಲ್ಲ ಈ ಎರಡು ಮಾತಿನ ವಿವರಣೆ.

ಡಾಕ್ಟರುಗಳಿಗೆ ಬರೆಯುವುದು ಬಿಟ್ಟು ನಮಗೇಕೆ ಬರೆಯುತ್ತೀರಿ ಎಂದು ನೀವು ಕೇಳಬಹುದು. ಚೀಟಿ ಬರೆಯುವವರು ಅವರು, ಮಾಡಿಕೊಡುವವರಷ್ಟೇ ನಾವು ಎನ್ನುವುದು ನಮ್ಮ ವೃತ್ತಿಯಲ್ಲಿ ಹಳೆಯ ಮಾತು. ಆದರೆ ರೋಗಿಯ ತೋಳು ಹಿಡಿಯುವವರು ನೀವು. ಜ್ವರ ಬಂದು ಎಷ್ಟು ದಿನವಾಯಿತು, ಮೆಡಿಕಲ್ ಸ್ಟೋರಿನಿಂದ ಆಗಲೇ ಯಾವ ಮಾತ್ರೆ ತಗೊಂಡಿದ್ದೀರಿ, ಈಚೆಗೆ ಊರಿಗೆ ಹೋಗಿ ಬಂದಿರಾ ಎಂದು ಕೇಳಲು ಒಂದೆರಡು ನಿಮಿಷ ಸಿಗುವುದು ನಿಮಗೆ. ಜನ ತುಂಬಿದ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಆ ನಿಮಿಷಗಳು ಸಿಗದೆ ಹೋಗಬಹುದು. ಸಂಜೆ ರಿಪೋರ್ಟ್ ಕೈಗೆ ಬಂದಾಗ ‘ಏನು ಬಂದಿದೆ ಮೇಡಂ?’ ಎಂದು ಮೊದಲು ಕೇಳುವುದೂ ನಿಮ್ಮನ್ನೇ. ನೀವು ಆಗ ಹೇಳುವ ಮಾತೇ ಆ ಮನೆಯಲ್ಲಿ ರೋಗದ ಹೆಸರಾಗಿ ನಿಂತುಬಿಡುತ್ತದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ನಮ್ಮನ್ನು ಆರೋಗ್ಯ ವೃತ್ತಿಪರರೆಂದೇ ಗುರುತಿಸಿದೆ. ಹೇಳಿದ್ದನ್ನು ಮಾಡಿಕೊಡುವವರು ಎಂಬ ಹಳೆಯ ಮಾತಿನ ಹಿಂದೆ ನಿಲ್ಲುವ ಕಾಲ ಮುಗಿಯಿತು.

ನಮ್ಮ ತಾಲ್ಲೂಕಿನಲ್ಲಿ ಜ್ವರ ಹಿಡಿಯುವ ದಾರಿ ನಿಮಗೆ ಗೊತ್ತಿರುವುದೇ. ಗಾರ್ಮೆಂಟ್ಸಿನ ಹೆಣ್ಣುಮಗಳು, ಜಿಗಣಿಯ ಗ್ರಾನೈಟ್ ಘಟಕದ ಹುಡುಗ, ಗೋದಾಮಿನಲ್ಲಿ ಲೋಡಿಂಗ್ ಮಾಡುವ ಒಡಿಶಾದವನು, ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿಯ ಕುಟುಂಬ ಎಲ್ಲರದೂ ಒಂದೇ ದಾರಿ. ಮೊದಲ ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ಪಾಳಿಗೆ ಹೋಗುತ್ತಾರೆ. ಮೂರನೆಯ ದಿನ ಆಗದೆ ಕ್ಲಿನಿಕ್ಕಿಗೆ ಬರುತ್ತಾರೆ. ಸಿಬಿಸಿ, ವೈಡಲ್, ಡೆಂಗಿ ಕಾರ್ಡ್, ಸಿಆರ್‌ಪಿ ಎಂದು ಬರೆದ ಚೀಟಿ ನಿಮ್ಮ ಕೌಂಟರಿಗೆ ಬರುತ್ತದೆ. ಸಂಜೆ ಹೊತ್ತಿಗೆ ‘ಓ 1:160, ಎಚ್ 1:160, ಪಾಸಿಟಿವ್’ ಎಂಬ ರಿಪೋರ್ಟ್ ಹೊರಗೆ ಹೋಗುತ್ತದೆ. ‘ಟೈಫಾಯ್ಡ್ ಪಾಯಿಂಟ್ ಜಾಸ್ತಿಯಾಗಿದೆ’ ಎನ್ನುತ್ತಾರೆ. ಅಲ್ಲಿಂದ ಬೆಳಿಗ್ಗೆ ಸಂಜೆ ಇಂಜೆಕ್ಷನ್, ದಿನಾ ಡ್ರಿಪ್, ವಾರಗಟ್ಟಲೆ ಹಾಜರಿ ಇಲ್ಲ. ಹದಿನೈದು ದಿನ ಕಳೆದ ಮೇಲೆ ‘ಟೈಫಾಯ್ಡ್ ಹೋಯಿತಾ ನೋಡೋಣ’ ಎಂದು ಮತ್ತೆ ವೈಡಲ್. ಅದು ಮತ್ತೆ ಪಾಸಿಟಿವ್. ‘ಟೈಫಾಯ್ಡ್ ಒಳಗೇ ಉಳಿದುಬಿಟ್ಟಿದೆ’ ಎಂದು ಮತ್ತೊಂದು ಸುತ್ತು ಇಂಜೆಕ್ಷನ್. ವರ್ಷಕ್ಕೆ ಎರಡು ಮೂರು ಸಲ ಟೈಫಾಯ್ಡ್ ಬರುತ್ತದೆ ಎಂದು ಹೇಳಿಕೊಳ್ಳುವವರು ನಮ್ಮ ಕೈಗಾರಿಕಾ ಪ್ರದೇಶದ ಪ್ರತಿ ವಠಾರದಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಬಂದದ್ದು ವೈಡಲ್ ರಿಪೋರ್ಟ್ ಮಾತ್ರ. ರೋಗ ಬಂದಿತ್ತೋ ಇಲ್ಲವೋ ಯಾರೂ ನೋಡಿಲ್ಲ.

ಫರ್ನಾಂಡ್ ವೈಡಲ್ ಪ್ಯಾರಿಸ್ಸಿನಲ್ಲಿ ಈ ಪರೀಕ್ಷೆಯನ್ನು ವಿವರಿಸಿದ್ದು 1896ರಲ್ಲಿ. ಆಗ ಅದು ದೊಡ್ಡ ಉಪಕಾರ. ಟೈಫಾಯ್ಡ್ ಅಪರೂಪವಾಗುತ್ತ ಹೋದ ದೇಶಗಳಲ್ಲಿ, ಎಂದೂ ಆ ರೋಗಾಣುವಿನ ಸಂಪರ್ಕಕ್ಕೆ ಬರದ ಮನುಷ್ಯನ ರಕ್ತದಲ್ಲಿ ಆ್ಯಂಟಿಬಾಡಿ ಕಂಡರೆ ಅದಕ್ಕೆ ಅರ್ಥವಿರುತ್ತಿತ್ತು. ನಮ್ಮ ಸ್ಥಿತಿ ಬೇರೆ. ಟ್ಯಾಂಕರ್ ನೀರು, ಸಂಪ್ ನೀರು, ಚರಂಡಿಯ ಪಕ್ಕದಲ್ಲೇ ಹಾದುಹೋಗುವ ಪೈಪು, ರಸ್ತೆಬದಿಯ ತಿಂಡಿ ಇವುಗಳ ನಡುವೆ ಬೆಳೆದವರ ರಕ್ತದಲ್ಲಿ ಸಾಲ್ಮೊನೆಲ್ಲಾ ಕುಟುಂಬದ ಯಾವುದೋ ರೋಗಾಣುವಿನ ವಿರುದ್ಧ ಆ್ಯಂಟಿಬಾಡಿ ಇರುವುದು ಸಹಜ. ಕಾರ್ಖಾನೆಯ ಗೇಟಿನ ರಿಜಿಸ್ಟರಿನಲ್ಲಿ ಒಬ್ಬನ ಹೆಸರಿದ್ದರೆ ಅವನು ಎಂದೋ ಬಂದಿದ್ದ ಎನ್ನಬಹುದು, ಈಗ ಒಳಗಿದ್ದಾನೆ ಎನ್ನಲಾಗದು. ವೈಡಲ್ ಟೈಟರ್ ಹೇಳುವುದೂ ಅಷ್ಟನ್ನೇ. ಎಚ್ ಆ್ಯಂಟಿಬಾಡಿಯಂತೂ ರೋಗ ವಾಸಿಯಾದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಲಸಿಕೆ ಹಾಕಿಸಿಕೊಂಡವರಲ್ಲಿಯೂ ಟೈಟರ್ ಏರಬಹುದು. ಮಲೇರಿಯಾದಂಥ ಬೇರೆ ಜ್ವರ ಬಂದಾಗ ಹಳೆಯ ಆ್ಯಂಟಿಬಾಡಿ ಮತ್ತೆ ತಲೆಯೆತ್ತುವುದೂ ಉಂಟು. ಚಿಕಿತ್ಸೆ ಮುಗಿದ ಮೇಲೆ ‘ಹೋಯಿತಾ’ ಎಂದು ವೈಡಲ್ ಮಾಡುವುದರಲ್ಲಿ ಆದ್ದರಿಂದ ಯಾವ ಅರ್ಥವೂ ಇಲ್ಲ.

ಕಾಲದ ಲೆಕ್ಕವನ್ನೂ ನೋಡಿ. ನಿಜವಾದ ಟೈಫಾಯ್ಡಿನಲ್ಲಿ ಓ ಆ್ಯಂಟಿಬಾಡಿ ಕಾಣಿಸಿಕೊಳ್ಳುವುದು ಸುಮಾರು 6ರಿಂದ 8ನೇ ದಿನಕ್ಕೆ, ಎಚ್ ಬರುವುದು 10ರಿಂದ 12ನೇ ದಿನಕ್ಕೆ. ಮೂರನೆಯ ದಿನದ ಜ್ವರಕ್ಕೆ ವೈಡಲ್ ಮಾಡಿದರೆ, ರೋಗವಿದ್ದವನಿಗೆ ನೆಗೆಟಿವ್ ಬರಬಹುದು, ಇಲ್ಲದವನಿಗೆ ಹಳೆಯ ಆ್ಯಂಟಿಬಾಡಿಯಿಂದ ಪಾಸಿಟಿವ್ ಬರಬಹುದು. ಈ ಪರೀಕ್ಷೆಗೆ ಬೆಲೆ ಬರುವ ದಾರಿ ಒಂದೇ. ಮೊದಲ ಮಾದರಿ, ಏಳೆಂಟು ಹತ್ತು ದಿನ ಬಿಟ್ಟು ಎರಡನೆಯ ಮಾದರಿ, ಎರಡನ್ನೂ ಜೊತೆಗಿಟ್ಟು ನೋಡಿ ಟೈಟರ್ ನಾಲ್ಕು ಪಟ್ಟು ಏರಿದೆಯೇ ಎಂದು ಪರಿಶೀಲಿಸುವುದು. ನಮ್ಮ ಡಿಎಂಎಲ್‌ಟಿ ಪಾಠದಲ್ಲಿ ಇದನ್ನು ಎಲ್ಲರೂ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇವೆ. ಕೌಂಟರಿನಲ್ಲಿ ಕುಳಿತ ಮೇಲೆ ಎರಡನೆಯ ಮಾದರಿ ಕೇಳುವವರೇ ಇಲ್ಲ.

ಈಗ ಸ್ಲೈಡಿನ ವಿಷಯ. ಇದನ್ನು ಹೊರಗಿನವರಿಗಿಂತ ನಾವೇ ನಮ್ಮೊಳಗೆ ಮಾತಾಡಿಕೊಳ್ಳಬೇಕು. ಕಿಟ್ಟಿನೊಳಗಿನ ಕಾಗದ 80, 40, 20, 10, 5 ಮೈಕ್ರೋಲೀಟರ್ ಸೀರಂ ತೆಗೆದುಕೊಂಡು, ಪ್ರತಿಯೊಂದಕ್ಕೂ ಒಂದು ಹನಿ ಆ್ಯಂಟಿಜೆನ್ ಬೆರೆಸಿ, ಒಂದು ನಿಮಿಷಕ್ಕೆ ಓದಬೇಕೆಂದು ಹೇಳುತ್ತದೆ. 1:20ರಿಂದ 1:320ರವರೆಗಿನ ಅಂಕಿ ಬರುವುದು ಹಾಗೆ. ಸ್ಕ್ರೀನಿಂಗಿಗೆಂದು ಒಂದೇ ಹನಿ ಹಾಕಿ, ಕಾಳು ಎಷ್ಟು ದಪ್ಪವಾಗಿ ಕಟ್ಟಿತು ಎಂದು ಕಣ್ಣಳತೆಯಲ್ಲೇ 1:80, 1:160 ಎಂದು ಬರೆಯುವ ಅಭ್ಯಾಸ ಎಷ್ಟು ಕಡೆ ಇದೆ ಎಂದು ನಿಮಗೇ ಗೊತ್ತು. ಒಂದು ನಿಮಿಷ ದಾಟಿ ಮೂರು ನಾಲ್ಕು ನಿಮಿಷವಾದರೆ ಹನಿಯ ಅಂಚು ಒಣಗಿ ಕಾಳು ಕಟ್ಟಿದಂತೆಯೇ ಕಾಣುತ್ತದೆ. ಅದನ್ನೂ ಪಾಸಿಟಿವ್ ಎಂದು ಓದಿಬಿಡಬಹುದು. ಆ್ಯಂಟಿಜೆನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಫ್ರಿಜ್ಜಿನ ತಾಪಮಾನ ಎಷ್ಟಕ್ಕೆ ಏರಿತು ಎಂಬ ದಾಖಲೆ ನಿಮ್ಮಲ್ಲಿದೆಯೇ? ಪಾಸಿಟಿವ್ ಕಂಟ್ರೋಲ್, ನೆಗೆಟಿವ್ ಕಂಟ್ರೋಲ್ ದಿನಾ ಹಾಕುತ್ತೀರಾ? ವೈಡಲ್ ಮಾಡಲೇಬೇಕಾಗಿ ಬಂದರೆ ಇಷ್ಟನ್ನಾದರೂ ಸರಿಯಾಗಿ ಮಾಡಿ. ಕಂಟ್ರೋಲ್ ಇಲ್ಲದೆ ಓದಿದ ಸ್ಲೈಡಿಗೆ ಸಹಿ ಹಾಕಬೇಡಿ.

ಬ್ಲಡ್ ಕಲ್ಚರ್ ನಮ್ಮ ಸಣ್ಣ ಲ್ಯಾಬಿನ ಕೆಲಸವಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಇನ್‌ಕ್ಯುಬೇಟರ್, ಯಂತ್ರ, ಮೈಕ್ರೋಬಯಾಲಜಿಸ್ಟ್ ನಿಮ್ಮಲ್ಲಿ ಇರಬೇಕಾಗಿಲ್ಲ. ಬಾಟಲಿ ಇದ್ದರೆ ಸಾಕು. ತೋಳಿನ ಚರ್ಮವನ್ನು ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್‌ನಿಂದ ಚೆನ್ನಾಗಿ ಒರೆಸಿ, ಅದು ಪೂರ್ತಿ ಒಣಗುವವರೆಗೆ ಕಾಯಬೇಕು. ಒಣಗುವ ಮುನ್ನ ಚುಚ್ಚಿದರೆ ಚರ್ಮದ ಮೇಲಿನ ರೋಗಾಣುಗಳೇ ಬಾಟಲಿಗೆ ಹೋಗುತ್ತವೆ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು. ದೊಡ್ಡವರಿಗೆ 8ರಿಂದ 10 ಮಿಲಿ, ಮಕ್ಕಳಿಗೆ 1ರಿಂದ 3 ಮಿಲಿ ರಕ್ತ. 2 ಮಿಲಿ ತೆಗೆದು ದೊಡ್ಡವರ ಬಾಟಲಿಗೆ ಹಾಕಿ ಕಳಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಬೆಳೆಯದೇ ಹೋಗಬಹುದು, ಏಕೆಂದರೆ ಟೈಫಾಯ್ಡಿನಲ್ಲಿ ರಕ್ತದಲ್ಲಿ ಅವುಗಳ ಸಂಖ್ಯೆ ತೀರ ಕಡಿಮೆ. ರಕ್ತ ಹಾಕಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬಾರದು. ಸಾಮಾನ್ಯ ತಾಪಮಾನದಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಕಲ್ಚರ್ ಲ್ಯಾಬಿಗೆ ತಲುಪಿಸಬೇಕು. ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿಯಂಥ ದೊಡ್ಡ ಆಸ್ಪತ್ರೆ, ಅತ್ತಿಬೆಲೆ ಪಕ್ಕದ ಯಡವನಹಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಇರುವ ತಾಲ್ಲೂಕು ನಮ್ಮದು. 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಕೂಡ ಬಂದಿದೆ. ಎಷ್ಟೋ ಜಿಲ್ಲೆಗಳ ಲ್ಯಾಬಿನವರಿಗೆ ಇಲ್ಲದ ಈ ಅನುಕೂಲವನ್ನು ಬಳಸಿ, ಯಾವುದಾದರೂ ಒಂದು ಕಲ್ಚರ್ ಲ್ಯಾಬಿನೊಂದಿಗೆ ಮಾತಾಡಿ ವ್ಯವಸ್ಥೆ ಮಾಡಿಕೊಳ್ಳಿ.

ಕಲ್ಚರ್ ಕೂಡ ಪರಿಪೂರ್ಣವಲ್ಲ. ನಿಜವಾಗಿ ಟೈಫಾಯ್ಡ್ ಇರುವ ನೂರು ಜನರಲ್ಲಿ ಸುಮಾರು ಅರವತ್ತು ಮಂದಿಯಲ್ಲಿ ಮಾತ್ರ ಅದು ರೋಗಾಣುವನ್ನು ಹಿಡಿಯುತ್ತದೆ. ಒಂದೆರಡು ಡೋಸ್ ಆ್ಯಂಟಿಬಯೋಟಿಕ್ ಬಿದ್ದರೆ ಅದೂ ಇಳಿಯುತ್ತದೆ. ಫಲಿತಾಂಶಕ್ಕೆ ಎರಡರಿಂದ ಐದು ದಿನ ಬೇಕು, ಖರ್ಚೂ ವೈಡಲ್‌ಗಿಂತ ಹೆಚ್ಚು. ಕಾಯಿಲೆ ಜೋರಾಗಿದ್ದರೆ ಡಾಕ್ಟರು ಐದು ದಿನ ಕಾಯಬೇಕಾಗಿಲ್ಲ. ರಕ್ತ ತೆಗೆದ ಕೂಡಲೇ ಔಷಧ ಶುರು ಮಾಡಬಹುದು. ಆದರೆ ಕಲ್ಚರ್ ಕೊಡುವ ಒಂದು ಸಂಗತಿಯನ್ನು ಬೇರಾವುದೂ ಕೊಡುವುದಿಲ್ಲ: ಯಾವ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆ ಎಂಬುದು. ಹಿಂದೆ ಟೈಫಾಯ್ಡ್ ಎಂದರೆ ಸಿಪ್ರೊಫ್ಲಾಕ್ಸಸಿನ್ ಬರೆಯುತ್ತಿದ್ದರು. ಈಗ ಭಾರತದಲ್ಲಿ ಸಿಗುವ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಆ ಗುಂಪಿನ ಔಷಧಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು. ಅಲ್ಲಿ ಬಾಯಿಂದ ಕೊಡಬಹುದಾದ ಔಷಧವೆಂದು ಉಳಿದದ್ದು ಹೆಚ್ಚುಕಡಿಮೆ ಅಜಿಥ್ರೊಮೈಸಿನ್ ಒಂದೇ. ವೈಡಲ್ ಚೀಟಿ ನೋಡಿ ಟೈಫಾಯ್ಡ್ ಇಲ್ಲದವರಿಗೂ ದಿನಕ್ಕೆರಡು ಸಲ ಸೆಫ್ಟ್ರಿಯಾಕ್ಸೋನ್ ಚುಚ್ಚುತ್ತ ಹೋದರೆ ನಾವೂ ಆ ಗತಿಯ ಕಡೆಗೇ ನಡೆಯುತ್ತೇವೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತಪ್ಪಿಹೋಗುವ ರೋಗಗಳು. ‘ಟೈಫಾಯ್ಡ್’ ಎಂದು ಬರೆದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಸ್ಕ್ರಬ್ ಟೈಫಸ್ ಎಂಬ ಜ್ವರವಿದೆ. ಹುಲ್ಲು ಪೊದೆಯಲ್ಲಿರುವ ತೀರ ಸಣ್ಣ ನುಸಿಯೊಂದರ ಕಡಿತದಿಂದ ಬರುತ್ತದೆ. ಕಡಿದ ಜಾಗದಲ್ಲಿ, ಕಂಕುಳಲ್ಲೋ ತೊಡೆಸಂದಿನಲ್ಲೋ ಸೊಂಟದ ಬಳಿಯೋ, ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ ಇರಬಹುದು. ಬಟ್ಟೆಯೊಳಗಿರುವುದರಿಂದ ಯಾರೂ ನೋಡುವುದಿಲ್ಲ. ನಮ್ಮ ಲೇಔಟುಗಳ ಖಾಲಿ ಸೈಟುಗಳಲ್ಲಿ ಹುಲ್ಲು ಆಳೆತ್ತರ ಬೆಳೆದಿರುತ್ತದೆ, ಪಕ್ಕದಲ್ಲೇ ಶೀಟ್ ಮನೆಗಳಿರುತ್ತವೆ. ಈ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಸೆಫ್ಟ್ರಿಯಾಕ್ಸೋನ್ ಮಾಡುವುದಿಲ್ಲ. ವೈಡಲ್ ನಂಬಿ ಒಂದು ವಾರ ಸೆಫ್ಟ್ರಿಯಾಕ್ಸೋನ್ ಹಾಕುತ್ತ ಕೂತರೆ ಅಷ್ಟರಲ್ಲಿ ಶ್ವಾಸಕೋಶ, ಮೂತ್ರಪಿಂಡ ಕೈಕೊಡಬಹುದು, ಜೀವವೇ ಹೋಗಬಹುದು. ಮಲೇರಿಯಾದ್ದೂ ಹೀಗೆಯೇ. ಒಡಿಶಾ, ಝಾರ್ಖಂಡ್ ಕಡೆಯ ಹಳ್ಳಿಗೆ ಹೋಗಿ ಬಂದವನ ಜ್ವರದಲ್ಲಿ ಮೊದಲು ನೋಡಬೇಕಾದದ್ದು ದಪ್ಪ ಲೇಪನ ಮತ್ತು ತೆಳು ಲೇಪನದ ಸ್ಲೈಡು. ಆಯಿಲ್ ಇಮ್ಮರ್ಶನ್‌ನಲ್ಲಿ ನೂರು ಫೀಲ್ಡ್ ನೋಡದೆ ನೆಗೆಟಿವ್ ಎನ್ನಬಾರದು. ಚೀಟಿಯಲ್ಲಿ ಮಲೇರಿಯಾ ಬರೆದಿಲ್ಲದಿದ್ದರೂ, ರೋಗಿ ಊರಿಂದ ಬಂದು ಹತ್ತು ದಿನವಾಗಿದೆ ಎಂದು ನಿಮಗೆ ಹೇಳಿದರೆ, ಡಾಕ್ಟರಿಗೆ ಒಂದು ಫೋನ್ ಮಾಡಿ.

ಡೆಂಗಿಯಲ್ಲಿ ತೊಂದರೆ ಇನ್ನೊಂದು ಬಗೆಯದು. ಇಲ್ಲಿ ರೋಗದ ಹೆಸರು ಹೆಚ್ಚುಪಾಲು ಸರಿಯಿರುತ್ತದೆ, ಭಯ ಮಾತ್ರ ತಪ್ಪಾದ ಅಂಕಿಯ ಸುತ್ತ ಸುತ್ತುತ್ತದೆ. ಎನ್‌ಎಸ್1 ಮೊದಲ ಐದು ದಿನಗಳಲ್ಲಿ ಸಿಗುತ್ತದೆ, ಐಜಿಎಂ ಆ ಹೊತ್ತಿಗೆ ಶುರುವಾಗುತ್ತದೆ. ಆರನೆಯ ದಿನ ಬಂದವನಿಗೆ ಎನ್‌ಎಸ್1 ಒಂದನ್ನೇ ಮಾಡಿ ‘ಡೆಂಗಿ ಇಲ್ಲ’ ಎನ್ನುವಂತಿಲ್ಲ. ಖಚಿತ ಎಂದು ಸರ್ಕಾರದ ಲೆಕ್ಕಕ್ಕೆ ಹೋಗುವುದು ಎಲಿಸಾ ಫಲಿತಾಂಶ, ಕಾರ್ಡ್ ಅಲ್ಲ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರವನ್ನೇ ನಿಗದಿ ಮಾಡಿತು: ಎನ್‌ಎಸ್1 ಎಲಿಸಾಗೆ 300 ರೂಪಾಯಿ, ಐಜಿಎಂ ಎಲಿಸಾಗೆ 300, ಕಾರ್ಡ್ ಪರೀಕ್ಷೆಗೆ 250. ಅದೇ ವರ್ಷ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆಯನ್ನೂ ಹೊರಡಿಸಿತು. ಆದರೆ ಜನ ನಿಮ್ಮ ಬಾಗಿಲಿಗೆ ದಿನಕ್ಕೆರಡು ಸಲ ಬರುವುದು ಪ್ಲೇಟ್‌ಲೆಟ್ ಎಣಿಸಲು. ಯಂತ್ರ 40,000 ಎಂದು ತೋರಿಸಿದಾಗ ಹಾಗೇ ಪ್ರಿಂಟ್ ಕೊಡಬೇಡಿ. ಇಡಿಟಿಎ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಯಂತ್ರ ಆ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಲೈಡ್ ಮಾಡಿ ಕಣ್ಣಿನಿಂದ ನೋಡಿ. ಹತ್ತು ಫೀಲ್ಡಿನ ಸರಾಸರಿಯನ್ನು ಸುಮಾರು 15,000ದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಗುಂಪು ಕಂಡರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಯಿರಿ. ಇನ್ನೊಂದು ಮಾತು. ಡೆಂಗಿಯಲ್ಲಿ ಅಪಾಯ ತಿಳಿಸುವುದು ಪ್ಲೇಟ್‌ಲೆಟ್ ಒಂದೇ ಅಲ್ಲ, ಹಿಮ್ಯಾಟೊಕ್ರಿಟ್ ಅದಕ್ಕಿಂತ ಮುಖ್ಯ. ಅದು ಇದ್ದುದಕ್ಕಿಂತ ಶೇ 20ರಷ್ಟು ಏರಿದರೆ ರಕ್ತನಾಳದಿಂದ ನೀರು ಸೋರುತ್ತಿದೆ ಎಂದರ್ಥ. ಜ್ವರ ಬಿಟ್ಟ ದಿನವೇ ಆ ಅಪಾಯದ ದಿನ. ‘ಜ್ವರ ಹೋಯಿತು, ಇನ್ನೇನು’ ಎಂದು ಪಾಳಿಗೆ ಹೊರಟವರನ್ನು ನಿಲ್ಲಿಸಿ ಹೇಳಬೇಕಾದ ಮಾತು ಇದು. ನಿಮ್ಮ ರಿಪೋರ್ಟಿನಲ್ಲಿ ಹಿಮ್ಯಾಟೊಕ್ರಿಟ್ ಸಾಲು ಇದ್ದೇ ಇರುತ್ತದೆ. ನಿನ್ನೆಯದನ್ನೂ ಇಂದಿನದನ್ನೂ ಪಕ್ಕಪಕ್ಕದಲ್ಲಿ ಬರೆದು ಕೊಡಿ.

ಇಷ್ಟು ಕಾಲ ನಡೆದುಬಂದ ಪರೀಕ್ಷೆಯನ್ನು ಈಗ ಬಿಡುವುದು ಹೇಗೆ ಎನ್ನುವವರಿಗೆ ಒಂದು ನಿಜ ಸಂಗತಿ. ಕೆಲವು ವರ್ಷಗಳ ಹಿಂದೆ ಕ್ಷಯಕ್ಕೂ ಇಂಥದೇ ರಕ್ತ ಪರೀಕ್ಷೆ ನಮ್ಮಲ್ಲಿ ಜೋರಾಗಿ ನಡೆಯುತ್ತಿತ್ತು. ಟಿಬಿ ಐಜಿಜಿ, ಐಜಿಎಂ ಎಂದು ಬರೆಯುತ್ತಿದ್ದರು, ನಾವು ಮಾಡಿಕೊಡುತ್ತಿದ್ದೆವು. ರೋಗವಿಲ್ಲದವರು ತಿಂಗಳುಗಟ್ಟಲೆ ಮಾತ್ರೆ ನುಂಗಿದರು, ರೋಗವಿದ್ದವರು ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಲೇಬೇಡಿ ಎಂದಿತು, 2012ರ ಜೂನ್‌ನಲ್ಲಿ ಭಾರತ ಸರ್ಕಾರ ಆ ಕಿಟ್ಟುಗಳ ತಯಾರಿಕೆ, ಆಮದು, ಮಾರಾಟವನ್ನೇ ನಿಷೇಧಿಸಿತು. ಅದರಿಂದ ಯಾವ ಲ್ಯಾಬೂ ಮುಚ್ಚಲಿಲ್ಲ. ಕಫ ಪರೀಕ್ಷೆ ಗಟ್ಟಿಯಾಯಿತು, ಸಿಬಿನ್ಯಾಟ್ ಬಂತು, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸಿನಲ್ಲಿ ರೂಪುಗೊಂಡು ಗೋವಾದ ಮೋಲ್‌ಬಯೋ ತಯಾರಿಸುವ ಟ್ರೂನ್ಯಾಟ್ ಬಂತು. ಬ್ಯಾಟರಿಯಲ್ಲೂ ನಡೆಯುವ ಆ ಸಣ್ಣ ಯಂತ್ರಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. ತಪ್ಪು ದಾರಿ ತೋರಿಸುವ ಪರೀಕ್ಷೆಯೊಂದನ್ನು ಬಿಟ್ಟರೆ ರೋಗ ಪತ್ತೆ ಉತ್ತಮವಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಇದು. ವೈಡಲ್ ವಿಷಯದಲ್ಲಿ ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ಜ್ವರದ ಮಾತಿಗೆ ಸೇರದಿದ್ದರೂ, ಪ್ಯಾಕೇಜುಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ‘ಫುಲ್ ಬಾಡಿ ಚೆಕಪ್, 70 ಪರೀಕ್ಷೆ’ ಎಂಬ ಬ್ಯಾನರು ಚಂದಾಪುರ ಸರ್ಕಲ್ಲಿನಿಂದ ಅಪಾರ್ಟ್‌ಮೆಂಟ್ ಗೇಟಿನವರೆಗೆ ಕಾಣುತ್ತದೆ. ನಾರ್ಮಲ್ ಎಂದು ನಾವು ಅಚ್ಚು ಹಾಕುವ ಮಿತಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನರ ಅಂಕಿ ಬೀಳುವ ವ್ಯಾಪ್ತಿ ಮಾತ್ರ. ಒಂದರ ಮೇಲೊಂದು ಅವಲಂಬಿಸದ 20 ಪರೀಕ್ಷೆ ಮಾಡಿದರೆ, ಪೂರ್ತಿ ಆರೋಗ್ಯವಾಗಿರುವವನಿಗೂ ಒಂದಾದರೂ ‘ಅಸಹಜ’ ಬರುವ ಸಂಭವ ಶೇ 64. ದಪ್ಪ ಅಕ್ಷರದ ಆ ಒಂದು ಸಾಲು ನೋಡಿ ಕುಟುಂಬ ನಿದ್ದೆಗೆಡುತ್ತದೆ, ಮತ್ತಷ್ಟು ಪರೀಕ್ಷೆಗೆ ದುಡ್ಡು ಸುರಿಯುತ್ತದೆ. ಇತ್ತ, ನಿಜವಾಗಿ ನೋಡಬೇಕಾದದ್ದು ಕಾಣದೇ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಆ ವಯಸ್ಸಿನವರೇ. ಕಬ್ಬಿಣಾಂಶ ಕಡಿಮೆಯಾದವರಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಮೋಗ್ಲೋಬಿನ್ 8 ಇರುವ ಹೆಂಗಸಿನ ಎಚ್‌ಬಿಎ1ಸಿ 6.6 ಬಂದಾಗ, ಎರಡನ್ನೂ ಒಟ್ಟಿಗೆ ಓದಬೇಕೆಂದು ರಿಪೋರ್ಟಿನಲ್ಲಿ ಒಂದು ಸಾಲು ಬರೆಯಿರಿ. ಖಾಲಿಹೊಟ್ಟೆಯ ಸಕ್ಕರೆ ನೋಡಿ ಎಂದು ಡಾಕ್ಟರಿಗೆ ಸೂಚಿಸಿ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ವೈಡಲ್ ಬೇಡ ಎಂದರೆ ಆ ಡಾಕ್ಟರು ನಾಳೆಯಿಂದ ಪಕ್ಕದ ಲ್ಯಾಬಿಗೆ ಕಳಿಸುತ್ತಾರೆ. ಚೀಟಿಗೆ ಇಷ್ಟು ಎಂದು ಕಮಿಷನ್ ಕೊಡುವ ಪದ್ಧತಿ ನಮ್ಮ ವೃತ್ತಿಯ ಗಂಟಲಲ್ಲಿ ಸಿಕ್ಕಿಕೊಂಡಿದೆ, ಮತ್ತು ಅದರ ಖರ್ಚು ಕೊನೆಗೆ ಬೀಳುವುದು ಪಾಳಿ ಬಿಟ್ಟು ಬಂದ ಕೂಲಿಯವನ ಮೇಲೆ. ಮಾಲೀಕರ ಒತ್ತಡವಿದೆ, ಸಂಬಳ ಕಡಿಮೆಯಿದೆ, ಎಂದೂ ಲ್ಯಾಬಿಗೆ ಬಾರದ ಪೆಥಾಲಜಿಸ್ಟರ ಸಹಿ ಮೊದಲೇ ಅಚ್ಚಾದ ಲೆಟರ್‌ಹೆಡ್ಡುಗಳಿವೆ. ರಿಪೋರ್ಟಿಗೆ ಸಹಿ ಹಾಕುವವರು ಅರ್ಹ ವೈದ್ಯರಾಗಿರಬೇಕೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಲ್ಯಾಬು ನೋಂದಣಿಯಾಗಿರಬೇಕು, ದರಪಟ್ಟಿ ಗೋಡೆಯ ಮೇಲಿರಬೇಕು. ಈ ಕಾನೂನುಗಳು ನಿಮ್ಮ ಪರವಾಗಿ ಇವೆ. ತಪ್ಪು ಅಂಕಿ ಹೊರಗೆ ಹೋದಾಗ ಸಿಕ್ಕಿಬೀಳುವವರು ನೀವೇ, ಬಾರದ ಪೆಥಾಲಜಿಸ್ಟರಲ್ಲ.

ಚೀಟಿಯನ್ನು ತಿರಸ್ಕರಿಸಿ ಎಂದು ನಾನು ಹೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಮಾಡಿ. ರಿಪೋರ್ಟಿನಿಂದ ‘ಪಾಸಿಟಿವ್’ ಎಂಬ ಪದ ತೆಗೆದು ಟೈಟರ್ ಮಾತ್ರ ಬರೆಯಿರಿ. ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಒಂದು ಸಾಲು ಇರಲಿ: ‘ಒಂದೇ ಮಾದರಿಯ ಟೈಟರ್‌ನಿಂದ ಟೈಫಾಯ್ಡ್ ಖಚಿತಪಡಿಸಲಾಗದು, ಬ್ಲಡ್ ಕಲ್ಚರ್ ಅಥವಾ 7ರಿಂದ 10 ದಿನಗಳ ನಂತರ ಎರಡನೆಯ ಮಾದರಿ ಬೇಕು.’ ಜ್ವರ ಶುರುವಾಗಿ ಎಷ್ಟನೆಯ ದಿನ ರಕ್ತ ತೆಗೆದಿರಿ, ಆ್ಯಂಟಿಬಯೋಟಿಕ್ ಆಗಲೇ ತೆಗೆದುಕೊಂಡಿದ್ದಾರೆಯೇ ಎಂಬುದನ್ನು ಪ್ರತಿ ಜ್ವರದ ರಿಪೋರ್ಟಿನ ಮೇಲೂ ನಮೂದಿಸಿ. ಕಾರ್ಮಿಕರ ಬಳಿ ಇಎಸ್‌ಐ ಕಾರ್ಡ್ ಇದೆಯೇ ಎಂದು ಕೇಳಿ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರು ಆ ವಿಮೆಯ ವ್ಯಾಪ್ತಿಯಲ್ಲಿದ್ದಾರೆ. ಚಿಕಿತ್ಸೆ ಅಲ್ಲಿ ಉಚಿತ. ಅರ್ಹತೆಯಿದ್ದರೆ ಕಾಯಿಲೆಯ ರಜೆಗೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅಸ್ಸಾಮಿನಿಂದಲೋ ಬಿಹಾರದಿಂದಲೋ ಬಂದ ಎಷ್ಟೋ ಮಂದಿಗೆ ಕಾಂಟ್ರಾಕ್ಟರ್ ಇದನ್ನು ಹೇಳಿರುವುದೇ ಇಲ್ಲ.

ನಮ್ಮ ತಾಲ್ಲೂಕಿನಲ್ಲಿ ಟೈಫಾಯ್ಡ್ ಇಲ್ಲ ಎಂದು ಯಾರೂ ತಿಳಿಯಬಾರದು. ಖಂಡಿತ ಇದೆ. ನಾವು ಕಲ್ಚರ್ ಮಾಡದಿರುವುದರಿಂದಲೇ ಅದು ಎಲ್ಲಿದೆ ಎಂದು ಕಾಣುತ್ತಿಲ್ಲ. 2017ರಿಂದ 2020ರವರೆಗೆ ವೆಲ್ಲೂರು, ದೆಹಲಿ, ಕೋಲ್ಕತ್ತ ಮತ್ತು ಪುಣೆಯ ಬಳಿಯ ಹಳ್ಳಿಗಳಲ್ಲಿ ಮಕ್ಕಳ ಜ್ವರವನ್ನು ಬ್ಲಡ್ ಕಲ್ಚರ್ ಮೂಲಕವೇ ಪತ್ತೆಹಚ್ಚಿದ ದೊಡ್ಡ ಅಧ್ಯಯನ ನಡೆಯಿತು. ಮೂರು ನಗರಗಳಲ್ಲಿ ಟೈಫಾಯ್ಡ್ ಬಹಳ ಹೆಚ್ಚಿತ್ತು, ಪುಣೆಯ ಹಳ್ಳಿಗಳಲ್ಲಿ ತೀರ ಕಡಿಮೆ. ಎಲ್ಲ ಕಡೆ ವೈಡಲ್ ಮಾಡಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಸೂರು, ಕೃಷ್ಣಗಿರಿ ದಾಟಿದರೆ ಸಿಗುವ ವೆಲ್ಲೂರಿನಲ್ಲಿ ಸಾಧ್ಯವಾದದ್ದು ಇಲ್ಲೂ ಸಾಧ್ಯ. ಒಂದೇ ಬೀದಿಯಿಂದ, ಒಂದೇ ಟ್ಯಾಂಕರಿನ ನೀರು ಕುಡಿಯುವ ನಾಲ್ಕು ಮನೆಗಳಿಂದ ನಾಲ್ಕು ಕಲ್ಚರಿನಲ್ಲಿ ಸಾಲ್ಮೊನೆಲ್ಲಾ ಟೈಫಿ ಬೆಳೆದರೆ, ಆ ಕಾಗದ ಹಿಡಿದು ತಾಲ್ಲೂಕು ಆರೋಗ್ಯಾಧಿಕಾರಿಯ ಮುಂದೆ, ಪುರಸಭೆಯ ಮುಂದೆ ನಿಲ್ಲಬಹುದು. ಪೈಪು ಸರಿಮಾಡಿಸಬಹುದು, ಆ ಬೀದಿಯ ಮಕ್ಕಳಿಗೆ ಲಸಿಕೆ ಕೇಳಬಹುದು. ನಾನೂರು ವೈಡಲ್ ಪಾಸಿಟಿವ್ ಹಿಡಿದುಕೊಂಡು ಹೋದರೆ ಯಾವ ಪೈಪೂ ಸಿಗುವುದಿಲ್ಲ.

ಮಳೆಗಾಲದ ಜ್ವರಗಳು ಶುರುವಾಗುವ ಮೊದಲು ನಿಮ್ಮ ಲ್ಯಾಬಿನಲ್ಲಿ ದೊಡ್ಡವರದೊಂದು, ಮಕ್ಕಳದೊಂದು ಕಲ್ಚರ್ ಬಾಟಲಿಯಾದರೂ ತರಿಸಿಡಿ. ನಿಮಗೆ ಚೀಟಿ ಕಳಿಸುವ ಡಾಕ್ಟರುಗಳಲ್ಲಿ ನಿಮ್ಮ ಮಾತಿಗೆ ಕಿವಿಗೊಡುವ ಒಬ್ಬರನ್ನು ಆರಿಸಿಕೊಂಡು, ಐದು ದಿನ ದಾಟಿದ ಜ್ವರಕ್ಕೆ ಔಷಧಕ್ಕೆ ಮೊದಲು ಕಲ್ಚರ್ ಬರೆಯಿರಿ ಎಂದು ಕೇಳಿ. ಬಾಟಲಿ ತುಂಬುವುದನ್ನು, ಪ್ಲೇಟ್‌ಲೆಟ್ ಸ್ಲೈಡ್ ಓದುವುದನ್ನು ತೋರಿಸಿಕೊಡಲು ನಾನು ಯಾವ ಲ್ಯಾಬಿಗೆ ಬೇಕಾದರೂ ಬರುತ್ತೇನೆ. ಕರೆಯಿರಿ.

ಇಂತಿ ನಿಮ್ಮ ಹಿತ ಬಯಸುವ,
ಆನೇಕಲ್ಲಿನ ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್